ಯಜಮಾನರ ಊಟ

ಬೆಳಗ್ಗೆ ಹಲ್ಲುಜ್ಜಿದಾಗಿನಿಂದ ರೂತ್‌ಗೆ ತನ್ನ ಬಲಗೈ ಮೇಲೇ ಗುಮಾನಿ. ಮಧ್ಯಾಹ್ನ ಹನ್ನೆರಡಕ್ಕೆ ಇದೇ ಕೈ ಕೆಳಗಿನ ಮನೆಯ ಸೊಸೆ ಸೌಮ್ಯಶ್ರೀಯ ಹಣೆಗೆ ಕುಂಕುಮ ಇಡಬೇಕು, ಉಡಿಗೆ ಅಕ್ಕಿ ಸುರಿಯಬೇಕು. ಬಸುರಿಗೆ ಏಳು ತಿಂಗಳು ತುಂಬಿತು, ಕುಬಸ ಮಾಡಬೇಕು, ಅದಕ್ಕೆ ಐದು ಜನ ಮುತ್ತೈದೆಯರು ಬೇಕು, ನಾಲ್ಕು ಜನ ಆಗಿದ್ದಾರೆ, ಐದನೆಯವಳು ನೀವೇ ಎಂದು ಮನೆಯೊಡತಿ ಶಿವಕ್ಕ ಹೋದ ವಾರ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಾಗ ರೂತ್ ಎಂದಿನಂತೆ ನಕ್ಕು ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ಅಂಟಿದ ರೋಗ. ಊರೂರು ತಿರುಗಿ ಇಂಗ್ಲಿಷ್ ಕಲಿಸುತ್ತ ಹೊಟ್ಟೆ ಹೊರೆಯುವವರಿಗೆಲ್ಲ ಅಂಟುವುದೇ ಅದು. ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ನಗು. ಮೆಟ್ಟಿಲು ಹತ್ತಿ ಬಂದು, ಬಾಗಿಲು ಹಾಕಿ, ಫೋನಿನಲ್ಲಿ ಮುತ್ತೈದೆ ಎಂದರೇನು ಎಂದು ಹುಡುಕಿದ್ದಳು. ಗಂಡ ಬದುಕಿರುವ ಹೆಂಗಸು. ಅವಳ ಗಂಡ ಆಲನ್ ಸತ್ತು ಏಳು ವರ್ಷವಾಗಿತ್ತು.

ಅಷ್ಟಾದರೂ ಕ್ಲಾಸು ತಪ್ಪಿಸುವ ಹಾಗಿರಲಿಲ್ಲ. ಹಾವನೂರು ಸರ್ಕಲ್ಲಿನಲ್ಲಿ ಆಟೋ ಹಿಡಿದಳು. ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿ ಮೂರನೇ ಸಲಕ್ಕೆ 'ವಿಚ್ ಕಂಟ್ರಿ ಮೇಡಂ?' ಎಂದ. ಹೇಳಿದಳು. 'ಫ್ಯಾಮಿಲಿ ಅಲ್ಲೇನಾ?' ಎಂದ. ತಲೆಯಾಡಿಸಿದಳು. ಈ ಊರಿನಲ್ಲಿ ಯಾರಿಗೂ ಇನ್ನೊಬ್ಬರ ಸಂಸಾರದ ವಿಷಯ ಕೇಳಲು ಸಂಕೋಚವೆಂಬುದಿಲ್ಲ, ತರಕಾರಿ ಗಾಡಿಯವಳೂ ಕೇಳುತ್ತಾಳೆ, ಬ್ಯಾಂಕಿನವನೂ ಕೇಳುತ್ತಾನೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು, ಈಗ ಕೇಳದೆ ಬಿಟ್ಟವರ ಮೇಲೇ ಸಣ್ಣ ಮುನಿಸು. ವಿಜಯನಗರದಲ್ಲಿ ಬೇಕರಿಯ ಮಹಡಿ ಮೇಲಿನ ಇನ್‌ಸ್ಟಿಟ್ಯೂಟಿನ ಮುಂದೆ ಇಳಿದರೆ ಫ್ಲೆಕ್ಸಿನಲ್ಲಿ ಅವಳದೇ ಮುಖ, ಹತ್ತು ವರ್ಷ ಕಡಿಮೆ ಮಾಡಿ ತಿದ್ದಿದ್ದು, ಕೆನ್ನೆ ಗುಲಾಬಿ. ಪಾಠ ಮಾಡಲು ಇಲ್ಲಿ ಬೇರೆಯವರಿದ್ದಾರೆ, ಅವಳಿಗಿಂತ ಚೆನ್ನಾಗಿಯೇ ಮಾಡುತ್ತಾರೆ. ಅವಳನ್ನು ಇಟ್ಟುಕೊಂಡಿರುವುದು ಈ ಮುಖಕ್ಕೆ. ಹೊಸದಾಗಿ ಸೇರಲು ಬಂದವರನ್ನು ಮ್ಯಾನೇಜರ್ ಉದಯಕುಮಾರ್ ಮೊದಲು ಅವಳ ಕ್ಲಾಸಿನ ಬಾಗಿಲಿಗೆ ಕರೆತಂದು ತೋರಿಸುತ್ತಾನೆ. ಅವಳು ಕೈ ಬೀಸಬೇಕು. ಬೀಸುತ್ತಾಳೆ.

ಇವತ್ತು ಒಬ್ಬೊಬ್ಬರೂ ತಮ್ಮ ಮನೆಯವರ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಹೆಗ್ಗನಹಳ್ಳಿಯ ಚನ್ನವೀರೇಶ್, ಗಾರ್ಮೆಂಟ್ಸಿನ ಸೂಪರ್‌ವೈಸರು, ಎದ್ದು ನಿಂತು ಬೆವರು ಒರೆಸಿಕೊಂಡು, ತನ್ನ ತಂದೆ ತುಂಬ ಒಳ್ಳೆಯವರು, ಅವರು ಕಾಲವಾದರು, ಅವರು ದಿನಾ ಬೆಳಗ್ಗೆ ರೇಡಿಯೋ ಕೇಳುತ್ತಾರೆ ಎಂದ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ತಿದ್ದಬೇಕಾದವಳು ರೂತ್. ಅವಳು 'ವೆರಿ ಗುಡ್' ಎಂದುಬಿಟ್ಟಳು. ಚನ್ನವೀರೇಶನ ಮುಖ ಅರಳಿತು. ಮುಂದಿನ ಬೆಂಚಿನ ಚೈತ್ರ ಮಾತ್ರ ಪೆನ್ನು ಎತ್ತಿ ಹಿಡಿದು, ತಪ್ಪೋ ಸರಿಯೋ ತಿಳಿಯದೆ, ಅವಳ ಮುಖವನ್ನೇ ನೋಡುತ್ತಿದ್ದಳು. ಅದೊಂದು ನೋಟ ರೂತ್‌ಗೆ ಆಮೇಲೆ ಎಷ್ಟೋ ಹೊತ್ತು ಬಿಡಲಿಲ್ಲ.

ತಾನಾಗಿ ಸುಳ್ಳು ಹೇಳಿರಲಿಲ್ಲ, ಅದನ್ನಾದರೂ ಒಪ್ಪಿಕೊಳ್ಳಬೇಕಲ್ಲ! ಎರಡು ವರ್ಷದ ಹಿಂದೆ ಮನೆ ಹುಡುಕುವಾಗ ಬ್ರೋಕರ್ ಭೈರೇಶ್ ಸ್ಕೂಟರಿನಲ್ಲಿ ಕೂರಿಸಿಕೊಂಡು ರಾಜಾಜಿನಗರದ ನಾಲ್ಕು ಬ್ಲಾಕು ತಿರುಗಿಸಿದ್ದ. ಒಂಟಿ ಹೆಂಗಸು ಎಂದು ತಿಳಿದ ಕೂಡಲೇ ಎಲ್ಲ ಕಡೆ ಮನೆ ಆಗಲೇ ಬೇರೆಯವರಿಗೆ ಒಪ್ಪಿಕೊಂಡುಬಿಟ್ಟಿದ್ದೇವೆ ಎನ್ನುತ್ತಿದ್ದರು. ಐದನೆಯದು ಬಸವೇಶ್ವರನಗರದ ಈ ಮನೆ. ನೀರಾವರಿ ಇಲಾಖೆಯಿಂದ ರಿಟೈರಾದ ಶಂಭುಲಿಂಗಪ್ಪ, ಅವರ ಹೆಂಡತಿ ಶಿವಕ್ಕ, ಮಗ ಬಸವಕಿರಣ್, ಸೊಸೆ. 'ಮೇಡಂ ಅವ್ರ ಹಸ್ಬೆಂಡ್ ಲಂಡನ್ನಲ್ಲೇ ಕೆಲ್ಸ ಸಾರ್, ವರ್ಷಕ್ಕೊಂದ್ ಸಲ ಬಂದ್ ಹೋಗ್ತಾರೆ' ಎಂದು ಭೈರೇಶ್ ಒಂದೇ ಉಸಿರಿಗೆ ಹೇಳಿದ್ದ. ಅವಳ ಕಿವಿಗೆ ಬಿದ್ದದ್ದು ಹಸ್ಬೆಂಡ್, ಲಂಡನ್ ಎರಡೇ. ಅವಳು ಲಂಡನ್ನಿನವಳೇ ಅಲ್ಲ, ಅದೇ ದೇಶದ ಉತ್ತರದ ಮೀನು ವಾಸನೆಯ ಬಂದರಿನವಳು. ಏನೋ ತಪ್ಪಾಗಿದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಶಿವಕ್ಕ ಕಾಫಿ ತಂದು ಕೈಗಿಟ್ಟಿದ್ದಳು, ಆರು ತಿಂಗಳಲ್ಲಿ ಮೊದಲ ಸಲ ಯಾರೋ ಮನೆಯಲ್ಲಿ ಕಾಸಿದ ಕಾಫಿ. ಕುಡಿದಳು. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ, ಶುರುವಾಯಿತು. ಮಾರನೇ ದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಮಹಡಿಗೆ ಬಂದ ಶಿವಕ್ಕ ಕೇಳಿದಳು, 'ನಿಮ್ಮ ಯಜಮಾನ್ರದ್ದು ಊಟ ಆತೇನ್ರಿ?' ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ದಾವಣಗೆರೆ ಕಡೆಯ ಮಾತು ಅವಳ ಬಾಯಿ ಬಿಟ್ಟಿರಲಿಲ್ಲ. ರೂತ್ ಗಡಿಯಾರ ನೋಡಿ, ಲೆಕ್ಕ ಹಾಕಿ, ಅಲ್ಲಿ ಇನ್ನೂ ಬೆಳಗ್ಗೆ, ತಿಂಡಿ ಆಯಿತು ಎಂದಳು. 'ಏನು ತಿಂಡಿ?' ಮೊಟ್ಟೆ ಎನ್ನಲು ಹೋಗಿ, ಇವರು ಲಿಂಗವಂತರು, ಮೊಟ್ಟೆ ಮುಟ್ಟುವುದಿಲ್ಲ ಎಂದು ನೆನಪಾಗಿ ಬ್ರೆಡ್ಡು ಎಂದಳು. 'ಬರೀ ಬ್ರೆಡ್ಡಾ, ಅಯ್ಯೋ ಪಾಪ!' ಶಿವಕ್ಕನಿಗೆ ಅವತ್ತೆಲ್ಲ ಅದೇ ಕೊರಗು. ಅಲ್ಲಿಂದ ಆಲನ್ ದಿನಾ ಊಟ ಮಾಡತೊಡಗಿದ. ಅವನಿಗೆ ನೆಗಡಿಯಾಯಿತು; ಶಿವಕ್ಕ ಮೆಣಸಿನ ಕಷಾಯ ಹೇಳಿಕೊಟ್ಟಳು; ನೆಗಡಿ ಹೋಯಿತು. ಮೊಣಕಾಲು ನೋವು ಬಂತು, ಅದು ನಿಜಕ್ಕೂ ಇದ್ದದ್ದೇ, ಬದುಕಿದ್ದಾಗ. ಯಾವಾಗ ಬರ್ತಾರೆ ಎಂದು ಕೇಳಿದಾಗಲೆಲ್ಲ ಆ ಮೊಣಕಾಲಿನ ನೆಪ ಹೇಳಿ ಮುಂದೆ ಹಾಕಿದಳು. ಶಂಭುಲಿಂಗಪ್ಪ ಪೇಪರು ಮಡಚಿಟ್ಟು, ಅಲ್ಲಿ ಪೆನ್ಷನ್ ಹೇಗೆ ಮೇಡಂ, ಯಾವಾಗ ರಿಟೈರಾಗ್ತಾರೆ ಎಂದು ವಿಚಾರಿಸಿದರು. ಮುಂದಿನ ವರ್ಷ ಎಂದಳು. ಆ ಮುಂದಿನ ವರ್ಷ ಬಂದಾಗ ರಿಟೈರ್ ಮಾಡಿಸಿದಳು, ಶಿವಕ್ಕ ಆ ಖುಷಿಗೆ ಕೇಸರಿಬಾತು ಕಳಿಸಿದಳು. ನಗು ಬರುವ ವಿಷಯವೇ. ಆದರೆ ಕೇಸರಿಬಾತು ತಿನ್ನುತ್ತ ಒಬ್ಬಳೇ ಕೂತಾಗ ರೂತ್‌ಗೆ ನಗು ಬಂದಿರಲಿಲ್ಲ. ಅವಳ ಊರಿನಲ್ಲಿ ಅವನು ಸತ್ತವನು, ಹೆಸರೆತ್ತಿದರೆ ತಂಗಿ ಫೋನಿನಲ್ಲಿ ಮಾತು ಬದಲಿಸುತ್ತಾಳೆ. ಭೂಮಿಯ ಮೇಲೆ ಈ ಒಂದು ಓಣಿಯಲ್ಲಿ, ಈ ಒಂದು ಮನೆಯಲ್ಲಿ ಮಾತ್ರ ಅವನಿನ್ನೂ ಇದ್ದ, ಉಣ್ಣುತ್ತಿದ್ದ, ಕೆಮ್ಮುತ್ತಿದ್ದ. ನಿಜ ಹೇಳಿದರೆ ಮನೆ ಹೋಗುತ್ತದೆ ಎಂಬ ಭಯ ಮೊದಲಿಗಿತ್ತು. ಆಮೇಲೆ ಇನ್ನೊಂದು ಭಯ, ಯಾರಿಗೂ ಹೇಳಲಾಗದ್ದು. ಹೇಳಿದರೆ ಅವನು ಇಲ್ಲೂ ಸಾಯುತ್ತಾನೆ.

ಸೌಮ್ಯಶ್ರೀ ಇಲ್ಲದಿದ್ದರೆ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆ ಹುಡುಗಿಗೆ ಎರಡು ಸಲ ಹೊಟ್ಟೆ ನಿಂತಿರಲಿಲ್ಲ, ಒಂದು ಮೂರು ತಿಂಗಳಿಗೆ, ಒಂದು ಐದಕ್ಕೆ. ಈ ಸಲ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕೂತಿದ್ದಳು. ಡಾಕ್ಟರು ಮೆಟ್ಟಿಲು ಹತ್ತಬೇಡ ಅಂದಿದ್ದರಿಂದ ಕೆಳಗಿನ ಮೆಟ್ಟಿಲ ಮೇಲೆ ಕೂತು ಸಂಜೆ ರೂತ್ ಬರುವುದನ್ನೇ ಕಾಯುವಳು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುವರು. ಮನೆಯವರ ಎದುರು ಆಡಲಾಗದ್ದನ್ನು ಆಡಲು ಅವಳಿಗೆ ಆ ಭಾಷೆ ಬೇಕಿತ್ತು. ಮಗುವಿಗೆಂದು ಒಂದು ಟವಲು ಕೊಳ್ಳಲೂ ಭಯ ಎನ್ನುವಳು. ಮೊನ್ನೆ ಭಾನುವಾರ ರೂತ್ ಗಟ್ಟಿ ಮನಸ್ಸು ಮಾಡಿ ಪಕ್ಕದಲ್ಲಿ ಕೂತು, ಆ ಐದನೆಯ ಜಾಗಕ್ಕೆ ಬೇರೆ ಯಾರನ್ನಾದರೂ ಕರೆಯಿರಿ, ನಾನು ಇದಕ್ಕೆ ತಕ್ಕವಳಲ್ಲ ಎಂದಿದ್ದಳು. ಸೌಮ್ಯಶ್ರೀ ಅವಳ ಕೈ ಹಿಡಿದುಕೊಂಡುಬಿಟ್ಟಳು, ಮಾತೂ ಕನ್ನಡಕ್ಕೆ ತಿರುಗಿತು. 'ಆಂಟಿ, ನಂಗೂ ಇದೆಲ್ಲ ನಂಬ್ಕೆ ಇಲ್ಲ. ಆದ್ರೆ ಎರಡು ಸಲ ನಂಬ್ದೇನೇ ನೋಡಿದೀನಲ್ವಾ? ಈ ಸಲ ಎಲ್ಲಾ ಸರಿಯಾಗಿ ಆಗ್ಲಿ ಅಂತ. ನೀವು ಮೂವತ್ತು ವರ್ಷ ಸಂಸಾರ ಮಾಡಿರೋರು, ನೀವೇ ಇಡ್ಬೇಕು.' ಆ ಕೈ ತಣ್ಣಗಿತ್ತು. ಇಂಥವಳಿಗೆ ಸುಳ್ಳು ಹೇಳುವುದೂ ಪಾಪ, ನಿಜ ಹೇಳುವುದೂ ಪಾಪ. ರೂತ್ ಎರಡನ್ನೂ ಮಾಡದೆ ಮೆಟ್ಟಿಲು ಹತ್ತಿ ಹೋಗಿದ್ದಳು. ಕುಂಕುಮ, ಕೈ, ಗಂಡ, ಹೊಟ್ಟೆಯ ಕೂಸು, ಇವಕ್ಕೆ ಒಂದಕ್ಕೊಂದು ಏನು ಸಂಬಂಧ ಎಂದು ರಾತ್ರಿಯೆಲ್ಲ ತನ್ನನ್ನೇ ಗದರಿಕೊಂಡಳು. ಏನೂ ಇಲ್ಲ. ಆದರೂ ಏನಾದರೂ ಆದರೆ?

ಹನ್ನೊಂದೂವರೆಗೆ ಮನೆಗೆ ಬಂದಾಗ ಅಂಗಳ ತುಂಬ ಚಪ್ಪಲಿ. ಹಾಲಿನಲ್ಲಿ ಸೌಮ್ಯಶ್ರೀಯನ್ನು ಕುರ್ಚಿಯಲ್ಲಿ ಕೂರಿಸಿದ್ದರು, ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಜಡೆಗೆ ಮೊಗ್ಗು. ಹಣೆಯಲ್ಲಿ ಮೂರೆಳೆ ವಿಭೂತಿ. ಅವಳು ರೂತ್‌ಳನ್ನು ಕಂಡದ್ದೇ ಉಸಿರು ಬಿಟ್ಟಳು, ಬಸ್ಸು ತಪ್ಪಿಹೋಗುತ್ತದೆಂದು ಹೆದರಿದವರು ಬಸ್ಸು ಕಂಡಾಗ ಬಿಡುವ ಹಾಗೆ. ಅಡುಗೆಮನೆಯ ಬಾಗಿಲಿನ ಆಚೆ ಗಿರಿಜವ್ವ ಹೋಳಿಗೆ ಲಟ್ಟಿಸುತ್ತಿದ್ದಳು. ಶಂಭುಲಿಂಗಪ್ಪನವರ ತಂಗಿ ಆಕೆ, ಗಂಡ ತೀರಿಕೊಂಡಾಗಿನಿಂದ ಇದೇ ಮನೆ. ಹಿಂದೊಮ್ಮೆ ಶಂಭುಲಿಂಗಪ್ಪ ಹೆಮ್ಮೆಯಿಂದ ಹೇಳಿದ್ದರು, 'ನಮ್ಮಲ್ಲಿ ವಿಧವೆ ಗಿಧವೆ ಅಂತ ಭೇದ ಇಲ್ಲ ಮೇಡಂ. ಶರಣರು ಅದನ್ನೆಲ್ಲ ಎಂಟುನೂರು ವರ್ಷದ ಹಿಂದೇನೇ ಕಿತ್ತು ಬಿಸಾಕಿದಾರೆ.' ಇರಬಹುದು. ಗಿರಿಜವ್ವನಿಗೆ ಹೊರಗೆ ಬರಬೇಡ ಎಂದು ಯಾರೂ ಹೇಳಿದ್ದನ್ನು ರೂತ್ ಕೇಳಿಲ್ಲ. ಆಕೆಯೇ ಬರುತ್ತಿರಲಿಲ್ಲ, ಬಾ ಎಂದು ಕರೆದವರೂ ಇರಲಿಲ್ಲ, ಅಷ್ಟೆ.

ಒಬ್ಬೊಬ್ಬರಾಗಿ ಹೋದರು. ಕುಂಕುಮ ಇಟ್ಟು, ಉಡಿಗೆ ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಶಿನದ ಕೊಂಬು ಹಾಕಿ, ಆರತಿ ಎತ್ತಿದರು. ಒಬ್ಬಾಕೆ ಹಾಡಿದಳು, ಇನ್ನೊಬ್ಬಳು ಸಾಲು ಮರೆತು ನಕ್ಕಳು. ನಾಲ್ಕನೆಯವಳು ಎದ್ದಾಗ ರೂತ್‌ಳ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು. ಉದಯಕುಮಾರ್, ಸಂಜೆ ಯಾರೋ ಹೊಸಬರಿಗೆ ಮುಖ ತೋರಿಸಲು ಬರಬೇಕೇನೋ. ಅವಳು ಎತ್ತಲಿಲ್ಲ, ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತಳು. 'ಬರ್ರಿ ರೂತಮ್ಮ, ಹೊತ್ತಾತು' ಎಂದು ಶಿವಕ್ಕ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಉಂಗುರದ ಬೆರಳು ಅದ್ದಬೇಕು. ಸೌಮ್ಯಶ್ರೀ ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು, ಎಷ್ಟು ಭರವಸೆಯಿಂದ ಮುಚ್ಚಿದಳೆಂದರೆ ರೂತ್‌ಳ ಬೆರಳು ಬಟ್ಟಲಿನ ಅಂಚಿನಲ್ಲೇ ನಿಂತುಬಿಟ್ಟಿತು. ಈ ಮುಖಕ್ಕೆ ಮೋಸ ಮಾಡಲಾರೆ. ಇನ್ನೇನೂ ಯೋಚಿಸದೆ, ಕ್ಲಾಸಿನ ಹುಡುಗಿಯರಿಂದ ಕಲಿತ ಕನ್ನಡದಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: 'ಶಿವಕ್ಕ, ನನ್ನ ಗಂಡ ಸತ್ತು ಹೋದರು.'

ಹಾಡು ನಿಂತಿತು. ಶಿವಕ್ಕ ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ಅವಳ ಕೈಯಲ್ಲಿದ್ದ ಫೋನು ನೋಡಿದಳು. ಬಟ್ಟಲು ಕೆಳಗಿಟ್ಟು, 'ಅಯ್ಯಯ್ಯೋ ನನ್ನ ತಾಯೇ! ಈಗ ಫೋನ್ ಬಂತೇನ್ರೀ!' ಎಂದು ಚೀರಿ ಅವಳನ್ನು ಬಾಚಿ ತಬ್ಬಿಕೊಂಡಳು. ನಾಲ್ಕೂ ಕಡೆಯಿಂದ ಹೆಂಗಸರು ಬಂದರು, ಬೆನ್ನು ಸವರಿದರು, ತಲೆ ಸವರಿದರು, ಯಾರೋ ನೀರು ತಂದರು. ಶಂಭುಲಿಂಗಪ್ಪ ಬಾಗಿಲಲ್ಲಿ ನಿಂತು, 'ಲೇ ಬಸವಕಿರಣ್, ಫ್ಲೈಟ್ ನೋಡೋ ಬೇಗ. ಮಣ್ಣಿಗಾದ್ರೂ ಮುಟ್ಸಬೇಕಲ್ಲೋ ಅವರನ್ನ' ಎಂದು ಕೂಗಿದರು. ರೂತ್ ಇಲ್ಲ ಇಲ್ಲ ಎಂದಳು, ಯಾರಿಗೂ ಕೇಳಿಸಲಿಲ್ಲ. ಶಿವಕ್ಕನ ಎದೆ ಬೆಚ್ಚಗಿತ್ತು, ಕರ್ಪೂರ ಮತ್ತು ಬೆವರಿನ ವಾಸನೆ. ಏಳು ವರ್ಷದ ಹಿಂದೆ ಆಲನ್‌ನನ್ನು ಕಳಿಸಿದ ದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಚಹಾ ಕೊಟ್ಟಿದ್ದರು, ಎಲ್ಲರೂ ಮೆಲ್ಲಗೆ ಮಾತಾಡಿ, ಕೋಟು ಹಾಕಿಕೊಂಡು, ಮಳೆಯ ಬಗ್ಗೆ ಹೇಳಿ ಹೊರಟಿದ್ದರು. ಯಾರೂ ಹೀಗೆ ಹಿಡಿದುಕೊಂಡಿರಲಿಲ್ಲ. ರೂತ್‌ಗೆ ಅಳು ಬಂತು. ಸಣ್ಣದಲ್ಲ, ಹೊಟ್ಟೆಯೊಳಗಿಂದ, ನಾಚಿಕೆಗೆಟ್ಟ ಅಳು. ಇದು ತನಗೆ ಸಲ್ಲಬೇಕಾದ್ದಲ್ಲ ಎಂದು ಗೊತ್ತಿದ್ದೂ ಎರಡು ನಿಮಿಷ, ಮೂರು ನಿಮಿಷ ಹಾಗೇ ಅತ್ತಳು. ಆ ಮೂರು ನಿಮಿಷಕ್ಕೆ ಅವಳು ತನ್ನನ್ನು ಮುಂದೆಂದೂ ಕ್ಷಮಿಸಿಕೊಳ್ಳಲಾರಳು.

ಯಾಕೆಂದರೆ ಶಿವಕ್ಕನ ಭುಜದ ಮೇಲಿಂದ ಅವಳಿಗೆ ಸೌಮ್ಯಶ್ರೀ ಕಂಡಳು. ಕುರ್ಚಿಯ ಹತ್ತಿರ ಯಾರೂ ಇರಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ, ಮುಖ ಬಿಳುಚಿಕೊಂಡಿತ್ತು. ಹಿಂದೆ ಯಾರೋ, 'ಕುಂಕುಮ ಇಡೋ ಹೊತ್ನಲ್ಲೇ ಸಾವಿನ ಸುದ್ದಿ ಬರ್ಬೇಕಾ, ಅದೂ ಈ ಹುಡುಗೀಗೆ' ಎಂದದ್ದು ಕೇಳಿಸಿತು. ದೇವರೇ, ಏನು ಮಾಡಿಬಿಟ್ಟೆ! ರೂತ್ ಶಿವಕ್ಕನ ತೋಳು ಬಿಡಿಸಿಕೊಂಡು ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಸೌಮ್ಯಶ್ರೀಗೆ ಇಂಗ್ಲಿಷಿನಲ್ಲಿ ಹೇಳಿದಳು. ಇವತ್ತಲ್ಲ. ಇವತ್ತು ಯಾರೂ ಸತ್ತಿಲ್ಲ. ಏಳು ವರ್ಷವಾಯಿತು. ಫೋನು ಆಫೀಸಿನದು. ನಾನು ನಿಮಗೆಲ್ಲ ಸುಳ್ಳು ಹೇಳಿಕೊಂಡಿದ್ದೆ.

ಆ ಗದ್ದಲದಲ್ಲಿ ಅದು ಕಿವಿಗೆ ಬಿದ್ದದ್ದು ಸೌಮ್ಯಶ್ರೀಗೆ ಒಬ್ಬಳಿಗೇ. ಮೊದಲು ಅವಳ ಮುಖಕ್ಕೆ ರಕ್ತ ತಿರುಗಿ ಬಂತು, ಕೈ ಹೊಟ್ಟೆಯಿಂದ ಸಡಿಲವಾಯಿತು. ಆಮೇಲೆ ಅವಳು ರೂತ್‌ಳನ್ನು ನೋಡಿದ ನೋಟವಿದೆಯಲ್ಲ, ಅದರಲ್ಲಿ ಸಿಟ್ಟಿರಲಿಲ್ಲ. ಭಾನುವಾರ ಅಷ್ಟು ಬೇಡಿಕೊಂಡೆನಲ್ಲ, ಆಗಲೇ ಹೇಳಬಹುದಿತ್ತಲ್ಲ ಎಂಬುದಷ್ಟೇ ಇತ್ತು. ಅವಳು ತಿರುಗಿ, 'ಅತ್ತೆ, ಈಗಲ್ಲಂತೆ. ಅವ್ರು ತೀರ್ಕೊಂಡು ಏಳು ವರ್ಷ ಆಯ್ತಂತೆ' ಎಂದಳು.

'ಏಳು ವರ್ಷ?' ಎಂದಳು ಶಿವಕ್ಕ. ಅತ್ತ ಕಣ್ಣು ಇನ್ನೂ ಒದ್ದೆಯಾಗಿತ್ತು. 'ಹಂಗಾರೆ ದಿನಾ ನಾನು ಯಾರ ಊಟ ಕೇಳ್ತಿದ್ದೆ?'

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಶಂಭುಲಿಂಗಪ್ಪ ಕೆಮ್ಮಿ, 'ಆಯ್ತು ಆಯ್ತು, ನಡೀರಿ, ಹೊತ್ತು ಮೀರ್ತದೆ' ಎಂದರು. ಎದುರುಮನೆಯಿಂದ ಒಬ್ಬಾಕೆಯನ್ನು ಕರೆಸಿದರು, ಆಕೆ ನೈಟಿಯ ಮೇಲೆ ಸೀರೆ ಸುತ್ತಿಕೊಂಡು ಓಡಿಬಂದಳು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಹೆಂಗಸರು ತುಸುತುಸುವೇ ಸರಿದು ಸರಿದು, ಯಾರೂ ದೂಡದೆಯೇ, ರೂತ್ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಹಾಲಿನಲ್ಲಿ ಮತ್ತೆ ಹಾಡು ಹಿಡಿದರು. ಗಿರಿಜವ್ವ ತಲೆಯೆತ್ತದೆ ಮಣೆಯನ್ನು ಅತ್ತ ಸರಿಸಿ ಜಾಗ ಮಾಡಿದಳು. ರೂತ್ ಕೂತಳು. ಹೂರಣದ ಉಂಡೆ ಒಂದೊಂದಾಗಿ ಕೈಗೆ ಬರುತ್ತಿತ್ತು, ಅವಳು ಕಣಕದೊಳಗಿಟ್ಟು ಮುಚ್ಚಿ ಕೊಡುತ್ತಿದ್ದಳು, ಅರ್ಧಕ್ಕರ್ಧ ಒಡೆದು ಹೋಗುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಗಿರಿಜವ್ವ ಕೇಳಿದಳು.

'ಎಷ್ಟು ವಯಸ್ಸಿತ್ತು?'

'ಅರವತ್ತೊಂದು.'

'ನಮ್ಮನೆಯವರಿಗೆ ಇಪ್ಪತ್ತಾರು' ಎಂದು ಗಿರಿಜವ್ವ ಕಾವಲಿಯ ಮೇಲಿನ ಹೋಳಿಗೆ ಮಗುಚಿದಳು.

ಸಂಜೆ ಐದಕ್ಕೆ ಶಿವಕ್ಕ ಮೇಲೆ ಬಂದಳು. ರೂತ್ ಬಾಗಿಲು ತೆರೆದು, ಕ್ಷಮೆ ಕೇಳಲು ಮಧ್ಯಾಹ್ನದಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಕುರ್ಚಿ ಎಳೆದು ಮುಂದಿಟ್ಟಳು. ಶಿವಕ್ಕ ಕುರ್ಚಿ ಮುಟ್ಟಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕೂತಳು, ಕಾಲು ಮಡಚಿ, ಸೆರಗು ಹೊದ್ದು. ರೂತ್‌ಳೂ ಎದುರಿಗೆ ಕೂತಳು. ಸಾವಾದ ಮನೆಗೆ ಮಾತಾಡಿಸಲು ಬಂದವರು ಹಾಗೆಯೇ ಕೂರುವುದು, ಶಿವಕ್ಕ ಅದಕ್ಕೇ ಬಂದಿದ್ದಳು, ಏಳು ವರ್ಷ ತಡವಾಗಿ.

'ಹೆಂಗಾತು?' ಎಂದಳು.

ರೂತ್ ಇದ್ದಷ್ಟು ಕನ್ನಡದಲ್ಲಿ, ಇಲ್ಲದ್ದಕ್ಕೆ ಕೈ ಆಡಿಸಿ ಹೇಳಿದಳು. ಎದೆ. ಅಡುಗೆಮನೆಯಲ್ಲಿ ಬಿದ್ದರು. ಒಬ್ಬರೇ ಇದ್ದರು. ಅವಳು ಆಗ ಹನೋಯ್‌ನಲ್ಲಿ ಪಾಠ ಹೇಳುತ್ತಿದ್ದಳು. ಒಂದು ವರ್ಷ ಅಂತ ಹೋದವಳು, ಅವರು ಬಾ ಅಂದಾಗಲೆಲ್ಲ ಇನ್ನೊಂದು ಟರ್ಮು, ಇನ್ನೊಂದು ಟರ್ಮು ಅನ್ನುತ್ತಿದ್ದಳು. ಮೂರು ದಿನ ಯಾರೂ ನೋಡಲಿಲ್ಲ. ಅವಳೂ ಫೋನು ಮಾಡಿರಲಿಲ್ಲ, ಪರೀಕ್ಷೆ ಪೇಪರು ಇದ್ದವು. ಇದನ್ನು ಅವಳು ತಂಗಿಗೂ ಹೇಳಿರಲಿಲ್ಲ.

'ಮೂರು ದಿನ' ಎಂದಳು ಶಿವಕ್ಕ. 'ಅಯ್ಯೋ ಶಿವನೇ, ಮೂರು ದಿನ ಒಬ್ರೇ!' ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ತಾನು ಕಂಡೇ ಇಲ್ಲದ, ಕಷಾಯ ಕುಡಿಸಿ ನೆಗಡಿ ವಾಸಿಮಾಡಿದ್ದ ಆ ಮನುಷ್ಯನಿಗಾಗಿ ನಿಜವಾಗಿಯೇ ಅತ್ತಳು, ಹೆಸರು ಹಿಡಿದು, ಪಾಪ ಮೊಣಕಾಲು ನೋವು ಅಂತಿದ್ರಲ್ಲ ಎಂದು ನೆನೆದು ನೆನೆದು. ರೂತ್‌ಳ ಕಣ್ಣಲ್ಲಿ ಈಗ ಒಂದು ಹನಿಯೂ ಇರಲಿಲ್ಲ. ಅಳುವವರ ಎದುರು ಹೇಗೆ ಕೂರಬೇಕೆಂದು ತಿಳಿಯದೆ ಮೊಣಕಾಲು ಹಿಡಿದುಕೊಂಡು ಕೂತಿದ್ದಳು.

ಅತ್ತು ಮುಗಿದ ಮೇಲೆ ಶಿವಕ್ಕ ಮೂಗೊರೆಸಿಕೊಂಡಳು. ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತ, ಮುಖ ನೋಡದೆ ಹೇಳಿದಳು. 'ನಂಗೇನಿಲ್ಲ ರೂತಮ್ಮ. ನಾನಾಗಿದ್ರೂ ಹಂಗೇ ಮಾಡ್ತಿದ್ದೆನೇನೋ. ಆದ್ರೆ ಸೌಮ್ಯ ಮಧ್ಯಾಹ್ನದಿಂದ ಒಂದು ತುತ್ತು ಮುಟ್ಟಿಲ್ಲ. ಮೆಟ್ಲಲ್ಲಿ ಸಪ್ಪಳ ಆದ್ರೆ ಬೆಚ್ಚಿ ಬೀಳ್ತಾಳೆ. ಹೆರಿಗೆಗೆ ಇನ್ನೆರಡು ತಿಂಗಳೈತಿ. ಏನಾರ ಹೆಚ್ಚುಕಮ್ಮಿ ಆದ್ರೆ, ಆಮೇಲೆ ಜೀವ ಇರೋವರ್ಗೂ ಅವಳು ನಿಮ್ಮನ್ನೇ ಅಂತಾಳೆ. ಅದು ಬ್ಯಾಡ. ಈ ತಿಂಗಳು ಮುಗಿಯೋದ್ರೊಳಗೆ ಬೇರೆ ಮನೆ ನೋಡ್ಕಳ್ರಿ.'

'ಆಯಿತು' ಎಂದಳು ರೂತ್.

ಶಿವಕ್ಕ ಗೋಡೆ ಹಿಡಿದು ಎದ್ದಳು. ರೂತ್‌ಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಆಮೇಲೆ ತಿರುಗಿ ಹೊರಟಳು. ಎರಡು ವರ್ಷದಲ್ಲಿ ಆ ಬಾಗಿಲಿನಿಂದ ಆಕೆ ಒಂದು ದಿನವೂ 'ಬರ್ತೀನ್ರಿ' ಅನ್ನದೆ ಇಳಿದುಹೋದದ್ದಿಲ್ಲ. ಇವತ್ತು ಅನ್ನಲಿಲ್ಲ. ಸಾವಿನ ಮನೆಯಿಂದ ಏಳುವವರು ಹಾಗೆ ಅನ್ನಬಾರದೆಂಬುದು ರೂತ್‌ಗೆ ಗೊತ್ತಿರಲಿಲ್ಲ. ಕೆಳಗೆ ಬಾಗಿಲ ಚಿಲಕ ಬಿದ್ದ ಸದ್ದು ಕೇಳುವವರೆಗೂ ಅವಳು ಆ ಮಾತಿಗಾಗಿ ಹೊಸ್ತಿಲಲ್ಲೇ ಕಾಯುತ್ತ ನಿಂತಿದ್ದಳು.